ಹಳೆಯ ಪಜೆರೊ: ಕೊಳ್ಳುವ ಬೆಲೆ ಬೇರೆ, ಸಾಕುವ ಬೆಲೆ ಬೇರೆ

4.25 ಲಕ್ಷ ರೂಪಾಯಿಗೆ ಕೊಂಡ ಗಾಡಿಗೆ 7.80 ಲಕ್ಷ ರೂಪಾಯಿ ಹಾಕಿ ರಿಪೇರಿ ಮಾಡಿಸಿದ್ದೇನೆ. 2004ರ ಮಿತ್ಸುಬಿಷಿ ಪಜೆರೊ, 2.8 ಲೀಟರ್ ಡೀಸೆಲ್. ಮೊದಲ ಮಾಲೀಕರು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ಜೆ.ಪಿ. ನಗರದ ನಮ್ಮ ಮನೆಯ ಗೇಟಿನೊಳಗೆ ನಿಂತಿರುವ ಅದನ್ನು ನೋಡಿದವರು ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟಕ್ಕೆ ತಗೊಂಡ್ರಿ? ಮೈಲೇಜ್ ಎಷ್ಟು ಕೊಡುತ್ತೆ? ಈ ಎರಡಕ್ಕೂ ಉತ್ತರ ಸಿಕ್ಕರೂ ಗಾಡಿಯ ಖರ್ಚಿನ ಅರ್ಧದಷ್ಟೂ ಗೊತ್ತಾಗುವುದಿಲ್ಲ. ಮಿಕ್ಕದ್ದನ್ನು ಯಾರೂ ಕೇಳುವುದಿಲ್ಲ, ಮಾರುವವರಂತೂ ಹೇಳುವುದಿಲ್ಲ. ಈ ವಾರದ ಅಂಕಣ ಅದಕ್ಕೇ ಮೀಸಲು.

ಕೇಳುವವರು ಹೆಚ್ಚಿರುವುದರಿಂದಲೇ ಬರೆಯುತ್ತಿದ್ದೇನೆ. ನಿವೃತ್ತಿಯ ಹಣ ಕೈಗೆ ಬಂದ ಬನಶಂಕರಿಯ ಹಿರಿಯರು, ಬಿಟಿಎಂ ಲೇಔಟ್‌ನ ಬಾಡಿಗೆ ಮನೆಯಲ್ಲಿರುವ ಸಾಫ್ಟ್‌ವೇರ್ ಹುಡುಗರು, ಇಬ್ಬರ ಮೊಬೈಲಿನಲ್ಲೂ ಅದೇ ಜಾಹೀರಾತು ಕಾಣುತ್ತೇನೆ. ಹಳೆಯ ಪಜೆರೊ, ಹಳೆಯ ಲ್ಯಾಂಡ್ ಕ್ರೂಸರ್, ಏರ್ ಸಸ್ಪೆನ್ಷನ್ ಇರುವ ಹಳೆಯ ರೇಂಜ್ ರೋವರ್. ಹೊಸ ಸಣ್ಣ ಕಾರಿನ ಬೆಲೆಗೆ ಒಂದು ಕಾಲದ ಶ್ರೀಮಂತರ ಗಾಡಿ. ಆಸೆಯಲ್ಲಿ ತಪ್ಪಿಲ್ಲ, ನನಗೂ ಅದೇ ಆಸೆ ಇತ್ತು. ಆದರೆ ಇಂಥ ಗಾಡಿಯ ಮಾರಾಟದ ಬೆಲೆ ವರ್ಷ ವರ್ಷ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಶೋರೂಮಿನಲ್ಲಿ ದುಬಾರಿಯಾಗಿದ್ದ ಗಾಡಿಯ ರಿಪೇರಿ ಕೊನೆಯವರೆಗೂ ದುಬಾರಿಯೇ. ನೀವು ಅದನ್ನು ಎಷ್ಟಕ್ಕೆ ಕೊಂಡಿರಿ ಎಂಬುದಕ್ಕೂ ಅದರ ರೇಡಿಯೇಟರಿನ ಬೆಲೆಗೂ ಸಂಬಂಧವಿಲ್ಲ.

ಪಜೆರೊದ ಮಟ್ಟಿಗೆ ಇದಕ್ಕೆ ಚರಿತ್ರೆಯೂ ಕಾರಣ. ಜಪಾನಿನಲ್ಲಿ ಅದು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಡಾಕರ್ ರ್‍ಯಾಲಿಯನ್ನು 12 ಬಾರಿ ಗೆದ್ದಿತು. ಅದರಲ್ಲಿ 2001ರಿಂದ 2007ರವರೆಗಿನ ಏಳು ಗೆಲುವು ಸತತ. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಚೆನ್ನೈ ಬಳಿಯ ತಿರುವಳ್ಳೂರಿನ ಕಾರ್ಖಾನೆಯಲ್ಲಿ ಜೋಡಿಸಿ 2002ರಿಂದ ಮಾರಿತು. ಆ ಹೊತ್ತಿಗೆ ಹೊರದೇಶಗಳಲ್ಲಿ ಮೂರನೇ ತಲೆಮಾರು ಓಡುತ್ತಿತ್ತು, ನಮಗೆ ಸಿಕ್ಕಿದ್ದು 1991ರ ಎರಡನೇ ತಲೆಮಾರು. ಗಟ್ಟಿ ಚಾಸಿಯ ಮೇಲೆ ಬಾಡಿ ಕೂರಿಸಿದ, ಎಸ್ಟೇಟ್ ದಾರಿಗೆ ಹೇಳಿ ಮಾಡಿಸಿದ ಗಾಡಿ ಅದು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಬೆಳೆಗಾರರು ಅದನ್ನು ಇಷ್ಟಪಟ್ಟಿದ್ದು ಸಹಜ. 2012ರಲ್ಲಿ ಈ ಮಾದರಿ ಇಲ್ಲಿ ನಿಂತಿತು. 2021ರಲ್ಲಿ ಜಪಾನಿನಲ್ಲೇ ಪಜೆರೊ ತಯಾರಿಕೆ ನಿಂತಿತು. ಈಗ ಭಾಗ ಬೇಕೆಂದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ ಸುತ್ತಬೇಕು, ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು, ಇಲ್ಲವೇ ದುಬೈ, ಶಾರ್ಜಾದಿಂದ ತರಿಸುವವರಿಗೆ ಮುಂಗಡ ಕೊಟ್ಟು ಕಾಯಬೇಕು. ಕಾಯುವಷ್ಟು ದಿನವೂ ಗಾಡಿ ಗ್ಯಾರೇಜಿನಲ್ಲಿರುತ್ತದೆ, ನೀವು ಆಟೊದಲ್ಲಿ ಓಡಾಡುತ್ತಿರುತ್ತೀರಿ.

7.80 ಲಕ್ಷ ಎಲ್ಲಿ ಹೋಯಿತು? ಬಿಲ್ಲುಗಳನ್ನು ಫೈಲಿನಲ್ಲಿಟ್ಟಿದ್ದೇನೆ. ಟಿಂಕರಿಂಗ್, ತುಕ್ಕು ತೆಗೆಸಿದ್ದು, ಪೂರ್ತಿ ಪೇಂಟ್: 2.20 ಲಕ್ಷ. ಸಿಲಿಂಡರ್ ಹೆಡ್, ರೇಡಿಯೇಟರ್, ವಾಟರ್ ಪಂಪ್, ಇಂಜೆಕ್ಟರ್: 1.65 ಲಕ್ಷ. ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್, ಸ್ಟಿಯರಿಂಗ್: 1.30 ಲಕ್ಷ. ಸ್ಟೆಪ್ನಿ ಸೇರಿ ಐದು ಟೈರು: 80 ಸಾವಿರ. ಎಸಿ ಮತ್ತು ವೈರಿಂಗ್: 75 ಸಾವಿರ. ಟ್ರಾನ್ಸ್‌ಫರ್ ಕೇಸ್ ಮತ್ತು ಫೋರ್ ವೀಲ್ ಡ್ರೈವ್ ಕೆಲಸ: 70 ಸಾವಿರ. ಸೀಟು, ಒಳಗಿನ ಬಟ್ಟೆ, ರಬ್ಬರ್ ಬೀಡಿಂಗ್: 40 ಸಾವಿರ. ಮೂಗಿಗಿಂತ ಮೂಗುತಿ ಭಾರ ಎಂದು ಮನೆಯಲ್ಲಿ ಹೇಳಿದರು. ಭಾರ ಹೌದು. ಆ ಭಾರವನ್ನು ಮೊದಲೇ ತೂಗಿ ನೋಡಿ ಹೊತ್ತೆ, ಮೊದಲ ದಿನವೇ ಅಷ್ಟು ಹಣ ಬೇರೆ ಖಾತೆಯಲ್ಲಿತ್ತು.

ಈ ಪಟ್ಟಿಯಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು ಸಿಲಿಂಡರ್ ಹೆಡ್. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಕೂಲೆಂಟ್ ಕಡಿಮೆಯಾಗಿ ಎಂಜಿನ್ ಒಮ್ಮೆ ಮಿತಿಮೀರಿ ಬಿಸಿಯಾದರೆ ಹೆಡ್ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಕೊಳ್ಳುವ ಮುಂಚೆ ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಎಂಜಿನ್ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಎಣ್ಣೆಯ ಪದರ ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ. ಎರಡನೆಯದು ತುಕ್ಕು. ಮಂಗಳೂರು, ಉಡುಪಿ ಕಡೆ ವರ್ಷಗಟ್ಟಲೆ ಓಡಿದ ಗಾಡಿಯ ಚಾಸಿಯನ್ನು ಕೆಳಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿಯೇ ನೋಡಬೇಕು. ಎಸ್ಟೇಟ್ ಗಾಡಿಗಳಲ್ಲಿ ಮಡ್‌ಗಾರ್ಡ್‌ನ ಒಳಮೂಲೆಯಲ್ಲಿ ಹಳೆಯ ಕೆಸರು ಗಟ್ಟಿಯಾಗಿ ಕೂತು ಒಳಗಿಂದೊಳಗೇ ತಗಡನ್ನು ತಿಂದಿರುತ್ತದೆ. ಹೊರಗಿನ ಹೊಳಪು ನೋಡಿ ಬೆಲೆ ಕಟ್ಟಬೇಡಿ. ಪೇಂಟ್ ಹೊಸದಾಗಿದ್ದಷ್ಟೂ ಅನುಮಾನ ಹೆಚ್ಚಿರಲಿ.

ಪಟ್ಟಿಯಲ್ಲಿಲ್ಲದ ಒಂದು ಬಿಲ್ಲಿನ ಕಥೆಯೂ ಹೇಳಬೇಕು. ಗಾಡಿ ಮನೆಗೆ ಬಂದ ಹೊಸತರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ಡ್ರೈವ್‌ನ ದೀಪ ಮಿನುಗಲು ಶುರುವಾಯಿತು. ಲಿವರ್ ಎಳೆದರೆ ಮುಂದಿನ ಚಕ್ರದ ಗುರುತು ಪಿಳಿಪಿಳಿ ಅನ್ನುತ್ತಲೇ ಇರುತ್ತದೆ, ಸ್ಥಿರವಾಗುವುದಿಲ್ಲ. ದೊಡ್ಡ ಗ್ಯಾರೇಜೊಂದರಲ್ಲಿ ಟ್ರಾನ್ಸ್‌ಫರ್ ಕೇಸ್ ಇಡಿಯಾಗಿ ಬದಲಿಸಬೇಕೆಂದು 1.90 ಲಕ್ಷದ ಎಸ್ಟಿಮೇಟ್ ಕೊಟ್ಟರು. ನಾನು ಸಾರಕ್ಕಿ ಕಡೆ ಸಣ್ಣ ಶೆಡ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಬೆರಳಿನಲ್ಲಿ ಒಂದೊಂದೇ ರಬ್ಬರ್ ಪೈಪನ್ನು ಬಗ್ಗಿಸುತ್ತಾ ಹೋದರು. ಈ ಗಾಡಿಯಲ್ಲಿ ಮುಂದಿನ ಆಕ್ಸಲನ್ನು ಜೋಡಿಸುವುದು ವ್ಯಾಕ್ಯೂಮ್. ಎಂಜಿನ್ ಪಕ್ಕದ ಸೊಲೆನಾಯ್ಡ್‌ನಿಂದ ಸಣ್ಣ ಪೈಪುಗಳು ಆಕ್ಸಲಿನವರೆಗೂ ಹೋಗುತ್ತವೆ. ಅದರಲ್ಲೊಂದು ಪೈಪು ಒಣಗಿ, ಕೂದಲೆಳೆಯಷ್ಟು ಸೀಳಿತ್ತು. "ಸಾರ್, ಗೇರ್‌ಬಾಕ್ಸ್ ಮುಟ್ಟಿಸ್ಬೇಡಿ. ಗಾಳಿ ಪೈಪ್ ಹೋಗಿದೆ, ಅಷ್ಟೇ" ಅಂದರು. ಪೈಪಿಗೆ 150 ರೂಪಾಯಿ, ಕೂಲಿ 500. ದೀಪ ಮಿನುಗುವುದು ನಿಂತಿತು. ಮುಂದೆ ನಾನಾಗಿಯೇ ಟ್ರಾನ್ಸ್‌ಫರ್ ಕೇಸಿನ ಸೀಲು, ಬೇರಿಂಗು ಬದಲಿಸಿದೆ, ಅದು ಬೇರೆ ವಿಚಾರ. ಹಳೆಯ ಗಾಡಿಯಲ್ಲಿ ಹಣ ಉಳಿಯುವುದು ಕಾಯಿಲೆ ಸರಿಯಾಗಿ ಕಂಡುಹಿಡಿಯುವವರಿಂದ. ಭಾಗ ಬದಲಿಸುವುದನ್ನಷ್ಟೇ ಕಲಿತವರ ಕೈಗೆ ಕೊಟ್ಟರೆ ನಿಮ್ಮ ಠೇವಣಿ ಕರಗುತ್ತದೆ. ಮೊದಲು ಮೆಕ್ಯಾನಿಕ್ ಹುಡುಕಿ, ಆಮೇಲೆ ಗಾಡಿ ಹುಡುಕಿ.

ಈಗ ಮುಖ್ಯ ಲೆಕ್ಕ. ಪೆನ್ನು ತೆಗೆದುಕೊಂಡು ಜೊತೆಗೆ ಹಾಕಿ, ನಿಮ್ಮ ಅಂಕಿಗಳನ್ನು ಹಾಕಿ.

ಗಾಡಿಯಲ್ಲಿ ನನ್ನದು ಒಟ್ಟು 12.05 ಲಕ್ಷ ಇದೆ. ಇವತ್ತು ಮಾರಿದರೆ 6.50 ಲಕ್ಷ ಬರಬಹುದು, ಅದೂ ಮೆಚ್ಚಿ ಕೊಳ್ಳುವವರು ಸಿಕ್ಕರೆ. ಅಂದರೆ 5.55 ಲಕ್ಷ ಆಗಲೇ ಹೋಗಿದೆ. ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ, ಆಗಲೂ 6.50 ಲಕ್ಷವೇ ಸಿಗುತ್ತದೆ ಎಂದು ಧಾರಾಳವಾಗಿ ಹಿಡಿದರೂ ವರ್ಷಕ್ಕೆ 55,500 ರೂಪಾಯಿ. ಇದು ಮೊದಲ ಸಾಲು.

ಎರಡನೇ ಸಾಲನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. 12.05 ಲಕ್ಷ ಬ್ಯಾಂಕಿನಲ್ಲಿದ್ದರೆ ಶೇ 7ರಂತೆ ವರ್ಷಕ್ಕೆ 84,350 ರೂಪಾಯಿ ಬಡ್ಡಿ ಬರುತ್ತಿತ್ತು. ಶೇ 30ರ ತೆರಿಗೆ, ಸೆಸ್ ಕಳೆದರೆ ಕೈಗೆ ಸುಮಾರು 58,000. ಗಾಡಿ ಗೇಟಿನೊಳಗೆ ಸುಮ್ಮನೆ ನಿಂತಿದ್ದರೂ ಈ ದುಡ್ಡು ಹೋಗುತ್ತಲೇ ಇರುತ್ತದೆ.

ಮೂರು, ಡೀಸೆಲ್. ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುತ್ತೇನೆ, ಲೀಟರಿಗೆ 9 ಕಿಲೋಮೀಟರ್. 667 ಲೀಟರಿಗೆ ತಲಾ 91ರಂತೆ 60,700 ರೂಪಾಯಿ. ನಾಲ್ಕು, ಆಯಿಲ್, ಫಿಲ್ಟರ್, ಬ್ರೇಕ್, ಬ್ಯಾಟರಿ, ಜೊತೆಗೆ ಹೇಳದೆ ಬರುವ ಕೆಲಸ: 72,000. ಐದು, ವಿಮೆ: 21,000. ಆರು, ಆರ್‌ಸಿ ನವೀಕರಣ, ಹಸಿರು ತೆರಿಗೆಯನ್ನು ವರ್ಷಕ್ಕೆ ಹಂಚಿದರೆ 2,500.

ಒಟ್ಟು 2,69,700. ಇದನ್ನು 6,000ದಿಂದ ಭಾಗಿಸಿ. ಕಿಲೋಮೀಟರಿಗೆ 45 ರೂಪಾಯಿ. ಇದರಲ್ಲಿ ಡೀಸೆಲ್ ಪಾಲು 10 ರೂಪಾಯಿ ಮಾತ್ರ. ಮೈಲೇಜ್ ಎಷ್ಟು ಎಂದು ಕೇಳುವವರು ಕೇಳುತ್ತಿರುವುದು 45ರಲ್ಲಿ ಆ 10ರ ಬಗ್ಗೆ.

ಇದೇ 6,000 ಕಿಲೋಮೀಟರಿಗೆ ಚಾಲಕನ ಸಮೇತ ಇನ್ನೊವಾ ಬಾಡಿಗೆಗೆ ತಂದರೆ? ಕಿಲೋಮೀಟರಿಗೆ 22ರಂತೆ 1,32,000, ಬಾಟಾ ಮತ್ತಿತರ ಖರ್ಚಿಗೆ 12,000. ಒಟ್ಟು 1,44,000. ವ್ಯತ್ಯಾಸ 1,25,700, ಅಂದರೆ ತಿಂಗಳಿಗೆ ಹತ್ತೂವರೆ ಸಾವಿರ. ಪಜೆರೊ ಮನೆಯಲ್ಲಿರುವ ಸಂತೋಷಕ್ಕೆ ನಾನು ತಿಂಗಳಿಗೆ ಕೊಡುತ್ತಿರುವ ಬೆಲೆ ಅದು. ಆಗುಂಬೆಯ ಮಳೆಯಲ್ಲಿ ಮಕ್ಕಳೊಂದಿಗೆ ಈ ಗಾಡಿಯಲ್ಲಿ ಕೂತು ಹೋಗುವುದು ನನಗೆ ಅಷ್ಟು ಬೆಲೆ ಬಾಳುತ್ತದೆ, ನನ್ನ ಆದಾಯಕ್ಕೆ ಅದು ತಡೆಯುತ್ತದೆ. ನಿಮಗೆ ಎಷ್ಟು ತಡೆಯುತ್ತದೆ ಎಂಬುದನ್ನು ನೀವೇ ನಿಗದಿ ಮಾಡಬೇಕು, ಆದರೆ ಅಂಕಿ ನೋಡಿ ನಿಗದಿ ಮಾಡಿ.

ಹೆಚ್ಚು ಓಡಿಸಿದರೆ ಕಿಲೋಮೀಟರ್ ಖರ್ಚು ಕಡಿಮೆಯಾಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಆಗುತ್ತದೆ. 12,000 ಕಿಲೋಮೀಟರ್ ಓಡಿಸಿದರೆ ಡೀಸೆಲ್ 1.21 ಲಕ್ಷ, ರಿಪೇರಿ 1.10 ಲಕ್ಷಕ್ಕೆ ಏರಿ, ಕಿಲೋಮೀಟರಿಗೆ 31 ರೂಪಾಯಿ ಬೀಳುತ್ತದೆ. ಆದರೆ ವರ್ಷದ ಖರ್ಚು 2.70 ಲಕ್ಷದಿಂದ 3.68 ಲಕ್ಷಕ್ಕೆ ಹೋಗಿರುತ್ತದೆ. ಸರಾಸರಿ ಇಳಿದದ್ದು ಕಾಗದದ ಮೇಲೆ, ಏರಿದ್ದು ಜೇಬಿನಲ್ಲಿ.

ವಿಮೆಯ ವಿಷಯದಲ್ಲಿ ಎಚ್ಚರ ಬೇಕು. ಐದು ವರ್ಷ ದಾಟಿದ ಗಾಡಿಯ ಐಡಿವಿಗೆ, ಅಂದರೆ ವಿಮೆಯಲ್ಲಿ ಗಾಡಿಗೆ ಕಟ್ಟುವ ಮೌಲ್ಯಕ್ಕೆ, ನಿಗದಿತ ಪಟ್ಟಿಯಿಲ್ಲ. ಕಂಪನಿಯೂ ನೀವೂ ಒಪ್ಪಿಕೊಂಡದ್ದೇ ಐಡಿವಿ. ಇಪ್ಪತ್ತು ದಾಟಿದ ಗಾಡಿಗೆ ಥರ್ಡ್ ಪಾರ್ಟಿ ಮಾತ್ರ ಕೊಡುತ್ತೇವೆನ್ನುವ ಕಂಪನಿಗಳೂ ಇವೆ. 1,500 ಸಿಸಿ ಮೀರಿದ ಕಾರಿಗೆ ಅದರ ಪ್ರೀಮಿಯಂ 7,897 ರೂಪಾಯಿ, ಜಿಎಸ್‌ಟಿ ಬೇರೆ. ಏಜೆಂಟ್ ಹೇಳಿದ ಐಡಿವಿಗೆ ತಲೆಯಾಡಿಸಿ ಸಹಿ ಹಾಕಿದರೆ ಏನಾಗುತ್ತದೆ ನೋಡಿ. ಐಡಿವಿ 3 ಲಕ್ಷ ಎಂದುಕೊಳ್ಳಿ. ಅಪಘಾತದಲ್ಲಿ ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ, ಅಂದರೆ 2.25 ಲಕ್ಷ ದಾಟಿದರೆ, ಟೋಟಲ್ ಲಾಸ್. ಪಜೆರೊದ ಬಾನೆಟ್, ರೇಡಿಯೇಟರ್, ಹೆಡ್‌ಲೈಟ್, ಬಂಪರ್ ಒಟ್ಟಿಗೆ ಹೋದರೆ ಆ ಮೊತ್ತ ಮುಟ್ಟಲು ಹೊತ್ತು ಬೇಕಿಲ್ಲ. 12 ಲಕ್ಷ ಹಾಕಿದ ಗಾಡಿಗೆ 3 ಲಕ್ಷ ಕೊಟ್ಟು ಲೆಕ್ಕ ಮುಗಿಸುತ್ತಾರೆ. ಸಣ್ಣ ಅಪಘಾತವಾದರೂ ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗಕ್ಕೆ ಅರ್ಧ ಬೆಲೆ ಸವಕಳಿಯಲ್ಲಿ ಕಡಿತವಾಗುತ್ತದೆ. ಆದ್ದರಿಂದ ರಿಪೇರಿಯ ಬಿಲ್ಲು, ಫೋಟೊ, ಪರವಾನಗಿ ಇರುವ ಸರ್ವೇಯರ್‌ನಿಂದ ಮೌಲ್ಯಮಾಪನ ವರದಿ ಇಟ್ಟುಕೊಂಡು ಹೆಚ್ಚಿನ ಐಡಿವಿ ಕೇಳಿ ಪಡೆಯಿರಿ. ಪ್ರೀಮಿಯಂ ಒಂದಿಷ್ಟು ಏರುತ್ತದೆ, ಏರಲಿ.

ಸರ್ಕಾರಿ ಖರ್ಚು ಚಿಕ್ಕದು, ಒಂದು ಸಂದರ್ಭ ಬಿಟ್ಟು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 20 ವರ್ಷ ದಾಟಿದ ಲಘು ವಾಹನದ ಆರ್‌ಸಿ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು. ಆಮದಾದ ನಾಲ್ಕು ಚಕ್ರದ ಗಾಡಿಗೆ ಅದೇ ಶುಲ್ಕ 80,000. ತಿರುವಳ್ಳೂರಿನಲ್ಲಿ ಜೋಡಿಸಿದ ಪಜೆರೊ ಒಂದು ಲೆಕ್ಕ, ಇಡಿಯಾಗಿ ಹಡಗಿನಲ್ಲಿ ಬಂದ ಲ್ಯಾಂಡ್ ಕ್ರೂಸರ್ ಇನ್ನೊಂದು ಲೆಕ್ಕ. ಮುಂಗಡ ಕೊಡುವ ಮುನ್ನ ಆರ್‌ಸಿ ಓದಿ. ದೆಹಲಿಯಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲೆ 2015ರಿಂದಲೂ ಇರುವ ನಿರ್ಬಂಧದಿಂದ ಅಲ್ಲಿನವು ಅಗ್ಗಕ್ಕೆ ಸಿಗುತ್ತವೆ. ತುಕ್ಕೂ ಕಡಿಮೆ. ಆದರೆ ಎನ್‌ಒಸಿ ಸಿಗಬೇಕು, ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಅಲ್ಲಿ ಉಳಿಸಿದ್ದು ಇಲ್ಲಿ ಹೋಗುತ್ತದೆ. ವಿಂಟೇಜ್ ಎಂದು ನೋಂದಾಯಿಸಬಹುದಲ್ಲ ಎನ್ನುವವರಿಗೆ ಒಂದು ಮಾತು. ಅದಕ್ಕೆ 50 ವರ್ಷ ತುಂಬಿರಬೇಕು, ಮತ್ತು ಆ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 28ರಿಂದ 18ಕ್ಕೆ ಇಳಿದದ್ದು ಮಾತ್ರ ನಮಗೆ ಸಿಕ್ಕ ನಿಜವಾದ ಉಳಿತಾಯ.

ಇನ್ನು ಸಾಲ. ಇದರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಹಳೆಯ ಗಾಡಿಗೆ ಸಾಲ ಕೊಡುವ ಖಾಸಗಿ ಫೈನಾನ್ಸ್‌ನವರು ಶೇ 9 ಬಡ್ಡಿ ಎಂದು ಹೇಳುತ್ತಾರೆ. ಕೇಳಲು ಮನೆ ಸಾಲದಷ್ಟೇ ಸಲೀಸು. ಅದು ಫ್ಲಾಟ್ ದರ. 5 ಲಕ್ಷಕ್ಕೆ ಐದು ವರ್ಷ ಶೇ 9 ಫ್ಲಾಟ್ ಎಂದರೆ ಬಡ್ಡಿಯೇ 2.25 ಲಕ್ಷ, ಕಂತು 12,083. ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಐದು ಲಕ್ಷದ ಮೇಲೆಯೇ. ಇಳಿಕೆ ಬಾಕಿಯ ಲೆಕ್ಕದಲ್ಲಿ ಇದು ಶೇ 15.7ರ ಹತ್ತಿರ. ಪ್ರೊಸೆಸಿಂಗ್ ಶುಲ್ಕ ಬೇರೆ, ಜೊತೆಗೆ ಅಂಟಿಸುವ ವಿಮೆ ಬೇರೆ. ಬೆಲೆ ಇಳಿಯುವ ವಸ್ತುವಿಗೆ ಶೇ 15.7ರ ಸಾಲ ತೆಗೆದುಕೊಂಡು, ಅದರ ಗೇರ್‌ಬಾಕ್ಸ್ ಕೆಟ್ಟಾಗ ಪರ್ಸನಲ್ ಲೋನ್ ತೆಗೆದುಕೊಂಡು, ಆ ಕಂತಿಗೆ ಕ್ರೆಡಿಟ್ ಕಾರ್ಡ್ ಉಜ್ಜುವವರನ್ನು ಕಂಡಿದ್ದೇನೆ. ಅವರ ಗಾಡಿ ಕೊನೆಗೆ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಯಾವುದೋ ಗ್ಯಾರೇಜಿನ ಹಿತ್ತಿಲಲ್ಲಿ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ದಯವಿಟ್ಟು ಬೇಡ. ಇದನ್ನು ಹೂಡಿಕೆ ಎಂದು ಹೇಳಿ ಮಾರುವವರ ಮಾತನ್ನೂ ನಂಬಬೇಡಿ. ಸ್ವಂತ ಬಳಕೆಯ ಕಾರು ಆದಾಯ ತೆರಿಗೆಯ ಕಣ್ಣಿನಲ್ಲಿ ಬಂಡವಾಳ ಆಸ್ತಿಯೇ ಅಲ್ಲ. ಲಾಭಕ್ಕೆ ತೆರಿಗೆಯಿಲ್ಲ ನಿಜ, ನಷ್ಟವನ್ನು ಯಾವುದಕ್ಕೂ ಹೊಂದಿಸಲೂ ಬರುವುದಿಲ್ಲ. ಇಂಥ ಗಾಡಿಯಲ್ಲಿ ಆಗುವುದು ಎರಡನೆಯದೇ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಮ್ಯೂಸಿಯಂ ನೋಡಿ ಬನ್ನಿ. ಅಲ್ಲಿ ಹಳೆಯ ಕಾರುಗಳು ಉಳಿದಿರುವುದು ನಿರಂತರ ಆರೈಕೆಯಿಂದ. ಅವು ಲಾಭ ತರಲೆಂದು ಯಾರೂ ಕಾದು ಕೂತಿಲ್ಲ.

ಅಂಕಿಗಳಿಗಿಂತ ದೊಡ್ಡದು ಅಭ್ಯಾಸ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ, ಗಾಡಿಗೆ ಸುರಿದ ಲಕ್ಷಗಳನ್ನು ಬರೆಯುವುದಿಲ್ಲ. ಬರೆಯಿರಿ. ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ಎತ್ತಿ ಕೂಲೆಂಟ್ ನೋಡಿ. ಎರಡು ನಿಮಿಷದ ಆ ಕೆಲಸ ದುಬಾರಿ ಹೆಡ್ ಉಳಿಸುತ್ತದೆ. ವಾರಕ್ಕೊಮ್ಮೆಯಾದರೂ ಗಾಡಿ ಓಡಿಸಿ, ನಿಂತ ಗಾಡಿಯ ರಬ್ಬರು ಓಡುವ ಗಾಡಿಯದಕ್ಕಿಂತ ಬೇಗ ಒಣಗುತ್ತದೆ. ತಿಂಗಳಿಗೆ 6,000 ರೂಪಾಯಿ ಆರ್‌ಡಿಯಲ್ಲಿ ಹಾಕುತ್ತಾ ಹೋಗಿ, ರಿಪೇರಿಗೆ ಅದರಿಂದಲೇ ತೆಗೆಯಿರಿ. ಕೆಲಸವನ್ನು ಒಂದೇ ಸಲ ಮಾಡಿಸಬೇಡಿ. ಮೊದಲು ಬ್ರೇಕು, ಸ್ಟಿಯರಿಂಗು, ಕೂಲಿಂಗು. ಆಮೇಲೆ ತುಕ್ಕು. ಕಡೆಗೆ ಪೇಂಟ್. ನೆಂಟರು ಮೆಚ್ಚಲಿ ಎಂದು ಪೇಂಟ್ ಮೊದಲು ಮಾಡಿಸುವ ಚಟ ನಮ್ಮಲ್ಲಿ ಬಹಳ. ಮದುವೆಯಿಂದ ಮನೆ ಕಟ್ಟುವವರೆಗೆ ಅದೇ ಚಟ ನಮ್ಮ ಉಳಿತಾಯವನ್ನು ತಿನ್ನುತ್ತಿದೆ.

ಕೊನೆಯ ಮಾತು ಇಷ್ಟು. ಹಳೆಯ ದುಬಾರಿ ಗಾಡಿಯ ಬೆಲೆ ಕೇಳಿದ ಕೂಡಲೇ ಆ ಮೊತ್ತವನ್ನು ಮೂರರಿಂದ ಗುಣಿಸಿ. ಅಷ್ಟು ಹಣ, ಆರು ತಿಂಗಳ ಮನೆ ಖರ್ಚು ಮತ್ತು ಮಕ್ಕಳ ಫೀಸನ್ನು ಬದಿಗಿಟ್ಟ ಮೇಲೂ, ನಿಮ್ಮ ಖಾತೆಯಲ್ಲಿ ನಗದಾಗಿ ಇದ್ದರೆ ಧೈರ್ಯವಾಗಿ ಕೊಳ್ಳಿ, ಚೆನ್ನಾಗಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ವಾರಾಂತ್ಯಕ್ಕೆ ಬಾಡಿಗೆ ಗಾಡಿ ತಂದು ಘಟ್ಟ ನೋಡಿ ಬನ್ನಿ, ಮಿಕ್ಕ ಹಣ ಠೇವಣಿಯಲ್ಲಿರಲಿ.